ಕರಿಕಲ್ಲಿನ ಮನೆಗೆ ಫೈಬರ್ ಬಂದ ಮೇಲೆ: ಸ್ವಂತ ಮೆಶ್ ವೈಫೈ ಜೋಡಿಸಿದ ಅನುಭವ

ವಿಜಯಪುರದ ಹಳೆಯ ಪೇಟೆಯಲ್ಲಿರುವ ನಮ್ಮ ಮನೆಯ ಗೋಡೆಗಳು ಕರಿಕಲ್ಲಿನವು. ಒಂದೂವರೆ ಅಡಿಗಿಂತ ತೆಳುವಾದ ಗೋಡೆ ಹುಡುಕಿದರೂ ಸಿಗದು. ಫೈಬರ್ ಕಂಪನಿಯವರು ಪಡಸಾಲೆಯಲ್ಲಿ ಕೂಡಿಸಿದ, ಫೈಬರ್ ಎಳೆ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯ ವೈಫೈ ನಡುಮನೆ ದಾಟುವಷ್ಟರಲ್ಲಿ ಸೊರಗುತ್ತಿತ್ತು, ನಾನು ತೆರಿಗೆ ಲೆಕ್ಕಪತ್ರದ ಕೆಲಸ ಮಾಡುವ ಮಾಳಿಗೆಯ ಕೋಣೆಗಂತೂ ಮುಟ್ಟುತ್ತಲೇ ಇರಲಿಲ್ಲ. ಹೀಗಾಗಿ ಮೂರು ಘಟಕಗಳ ಮೆಶ್ ವೈಫೈ ಕೊಂಡೆ; ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟು, ಒಂದೇ ಹೆಸರಿನ ವೈಫೈ ಹರಡುವ ಪೆಟ್ಟಿಗೆಗಳ ಜೋಡಣೆ.

ಸ್ವಂತ ಮೆಶ್ ತಂದರೂ ಒಎನ್‌ಟಿಯನ್ನು ಕಿತ್ತಿಡಲು ಬರುವುದಿಲ್ಲ. ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದೇ. ಕಂಪನಿಯ ಕಡೆಯ ಯಂತ್ರ ಗುರುತಿಸುವುದೂ ಅದನ್ನೇ. ತೊಡಕು ಏನೆಂದರೆ, ಇಂದಿನ ಒಎನ್‌ಟಿ ಇದರ ಜೊತೆಗೆ, ಮನೆಯ ಸಾಧನಗಳಿಗೆ ವಿಳಾಸ ಕೊಟ್ಟು ಸಂಪರ್ಕ ಹಂಚುವ ರೂಟರ್ ಕೆಲಸವನ್ನೂ ಮಾಡುತ್ತದೆ, ಮೆಶ್ ಕೂಡ ಸಾಮಾನ್ಯವಾಗಿ ಮೊದಲ ಸಲ ಚಾಲೂ ಮಾಡಿದಾಗ ರೂಟರ್ ಆಗಿಯೇ ನಿಲ್ಲುತ್ತದೆ. ಎರಡನ್ನೂ ಹಾಗೆಯೇ ಬಿಟ್ಟರೂ ಇಂಟರ್‌ನೆಟ್ ನಡೆಯುತ್ತದೆ. ಆದರೆ ಒಂದೇ ಮನೆಯಲ್ಲಿ ಎರಡು ಜಾಲಗಳಾಗಿ, ಒಎನ್‌ಟಿಗೆ ಕೂಡಿಸಿದ ಪ್ರಿಂಟರ್ ಮೆಶ್‌ನಲ್ಲಿರುವ ಲ್ಯಾಪ್‌ಟಾಪ್‌ಗೆ ತಾನಾಗಿ ಕಾಣಿಸುವುದಿಲ್ಲ, ಹೊರಗಿನಿಂದ ಕ್ಯಾಮೆರಾ ನೋಡಲು ಎರಡು ಕಡೆ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ದಾರಿ) ತೆರೆಯಬೇಕಾಗುತ್ತದೆ. ಆದ್ದರಿಂದ ಮೆಶ್ ಕೊಳ್ಳುವ ಮೊದಲೇ, ಮನೆಯಲ್ಲಿ ರೂಟರ್ ಯಾವುದು ಎಂಬುದನ್ನು ತೀರ್ಮಾನಿಸಬೇಕು.

ಸುಲಭದ ದಾರಿ ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ನಡೆಸುವುದು. ಆಗ ಒಎನ್‌ಟಿಯೇ ರೂಟರ್ ಆಗಿ ಉಳಿದು, ಮೆಶ್ ಬರೀ ವೈಫೈ ಹಂಚುತ್ತದೆ. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಫೋನಿಗೆ ಹೊತ್ತು ಕಟ್ಟುವಂಥ ಕೆಲವು ಸೌಲಭ್ಯಗಳು ಮಾತ್ರ ಹಲವು ಮೆಶ್‌ಗಳಲ್ಲಿ ಈ ಕ್ರಮದಲ್ಲಿ ಸಿಗುವುದಿಲ್ಲ. ನನಗೆ ಅವೇ ಬೇಕಾಗಿದ್ದರಿಂದ ಒಎನ್‌ಟಿಯನ್ನು ಬ್ರಿಡ್ಜ್ ಮಾಡಿ (ರೂಟರ್ ಕೆಲಸ ಬಿಡಿಸಿ, ಸಂಪರ್ಕವನ್ನು ಬರೀ ಮುಂದಕ್ಕೆ ದಾಟಿಸುವಂತೆ ಮಾಡಿ), ಲಾಗಿನ್ ಆಗುವ ಹೊಣೆಯನ್ನು ಮೆಶ್‌ಗೆ ವಹಿಸಿದೆ. ಇದಕ್ಕೆ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಕ್ರಮ) ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೈಯಲ್ಲಿರಬೇಕು. ಲೈನ್ ಹುಡುಗ ಮೊದಲೇ ಎಚ್ಚರಿಸಿದ್ದ: "ಪಾಸ್‌ವರ್ಡ್ ಇಲ್ದ ಬ್ರಿಡ್ಜ್ ಮಾಡಿದ್ರ ನೆಟ್ ಬಂದ್ ಆಗತೈತ್ರಿ ಸರ."

ಒಎನ್‌ಟಿಯ ಸೆಟ್ಟಿಂಗ್ ಪುಟ ತೆರೆದಾಗ ವ್ಯಾನ್ (ಹೊರಗಿನ ಸಂಪರ್ಕಗಳ) ಪಟ್ಟಿಯಲ್ಲಿ ಎರಡು ಸಾಲುಗಳಿದ್ದವು. ಒಂದು ಇಂಟರ್‌ನೆಟ್‌ನದು, ಇನ್ನೊಂದು ಲ್ಯಾಂಡ್‌ಲೈನ್ ಧ್ವನಿಯದು. ಇಂಟರ್‌ನೆಟ್ ಸಾಲನ್ನು ಮಾತ್ರ ರೂಟ್‌ನಿಂದ ಬ್ರಿಡ್ಜ್‌ಗೆ ಬದಲಿಸಿ, ಕಂಪನಿಯ ಜಾಲ ಆ ಸಂಪರ್ಕವನ್ನು ಬೇರ್ಪಡಿಸಿ ಗುರುತಿಸುವ ವಿಎಲ್ಎಎನ್ ಸಂಖ್ಯೆಯನ್ನು ಇದ್ದಂತೆಯೇ ಬಿಟ್ಟೆ. ಧ್ವನಿಯ ಸಾಲಿಗೆ ಕೈ ಹಚ್ಚದಿದ್ದರಿಂದ ಒಎನ್‌ಟಿಯ ಹಿಂದಿನ ಲ್ಯಾಂಡ್‌ಲೈನ್ ಫೋನ್ ಎಂದಿನಂತೆ ನಡೆಯುತ್ತಿದೆ. ಅದಾದ ಮೇಲೆ ಒಎನ್‌ಟಿಯ ವೈಫೈ ಬಂದ್ ಮಾಡಿದೆ; ವೈಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11 ಮೂರೇ, ಪೇಟೆಯ ಓಣಿಯಲ್ಲಿ ಅವು ಮೊದಲೇ ತುಂಬಿರುತ್ತವೆ. ಮೆಶ್‌ಗೆ ಹಳೆಯ ವೈಫೈ ಹೆಸರು, ಪಾಸ್‌ವರ್ಡ್‌ಗಳನ್ನೇ ಕೊಟ್ಟಿದ್ದರಿಂದ ಟಿವಿಯೂ ಫೋನುಗಳೂ ತಾವಾಗಿಯೇ ಕೂಡಿಕೊಂಡವು.

ಇಷ್ಟಕ್ಕೆ ಅರ್ಧ ಕೆಲಸ ಮುಗಿಯಿತು. ಮೆಶ್ ಮಾರುವವರು ಘಟಕಗಳನ್ನು ಅಲ್ಲಲ್ಲಿ ಇಟ್ಟರೆ ಸಾಕು ಎನ್ನುತ್ತಾರೆ. ಇಟ್ಟಿಗೆಯ ತೆಳು ಗೋಡೆಗಳಿಗೆ ಆ ಮಾತು ಸರಿಯಿರಬಹುದು. 5 ಗಿಗಾಹರ್ಟ್ಸ್ ತರಂಗ 2.4ರಷ್ಟು ಚೆನ್ನಾಗಿ ಗೋಡೆ ತೂರುವುದಿಲ್ಲ, ಕಲ್ಲಿನ ಗೋಡೆಯಲ್ಲಂತೂ ಬಹುಪಾಲು ಅಲ್ಲಿಯೇ ಇಂಗುತ್ತದೆ. ಮೇಲಾಗಿ ಎರಡೇ ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್) ಮೆಶ್‌ನಲ್ಲಿ ದೂರದ ಘಟಕವು ಒಎನ್‌ಟಿಗೆ ಕೂಡಿಸಿದ ಮುಖ್ಯ ಘಟಕದೊಂದಿಗೂ ನಮ್ಮ ಫೋನಿನೊಂದಿಗೂ ಅದೇ ಬ್ಯಾಂಡಿನಲ್ಲಿ ಸರದಿಯ ಮೇಲೆ ಮಾತಾಡಬೇಕಾದ್ದರಿಂದ ವೇಗ ಅರ್ಧದಷ್ಟಕ್ಕೆ ಇಳಿಯುವುದುಂಟು. ಸಿಗ್ನಲ್‌ನ ಗೆರೆಗಳು ತುಂಬಿ ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ.

ಇದಕ್ಕೆ ಮದ್ದು ಕೇಬಲ್. ಗೋಡೆ ಕೊರೆಯುವ ಬದಲು ನಡುಮನೆಯ ಬೆಳಕಿಂಡಿಯ ಮೂಲಕ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಅನ್ನು ಪೈಪಿನೊಳಗೆ ಮಾಳಿಗೆಗೆ ಒಯ್ದು, ಮೇಲಿನ ಘಟಕಕ್ಕೆ ಜೋಡಿಸಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೇಬಲ್‌ಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟವು. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ನಾನು ಹಾಗೆ ಕೆರೆದು ನೋಡಿಯೇ ಶುದ್ಧ ತಾಮ್ರದ್ದನ್ನು ತಂದೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಸರಿಯಾಗಿ ಕೂಡಬೇಕು. ಒಂದು ಜೋಡಿ ಸಡಿಲವಾದರೆ ಸಂಪರ್ಕ ಕಡಿಯದೆ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು, ಆದ್ದರಿಂದ ತುದಿಗೆ ಪ್ಲಗ್ ಒತ್ತಿ ಕ್ರಿಂಪ್ ಮಾಡಿದ ಮೇಲೆ ಲಿಂಕ್ ವೇಗ ನೋಡದೆ ಪೈಪಿನ ಬಾಯಿ ಮುಚ್ಚಬಾರದು. ಒಎನ್‌ಟಿಯ ಕೇಬಲ್ ಚುಚ್ಚುವ ಪೋರ್ಟ್‌ಗಳಲ್ಲಿಯೂ ಕೆಲವು ಸಲ ಒಂದು ಮಾತ್ರ ಗಿಗಾಬಿಟ್ ಆಗಿರುತ್ತದೆ.

ಮೂರನೆಯ ಘಟಕ ಅಡುಗೆಮನೆಯ ಕಡೆಗಿದೆ, ಅದಕ್ಕೆ ಕೇಬಲ್ ಇಲ್ಲ. ಗೋಡೆಯ ಮಾಡದಲ್ಲಿ ಇಟ್ಟರೆ ಚೆಂದ ಕಾಣುತ್ತದೆ ಎಂದು ಮನೆಯವರ ಆಸೆಯಿತ್ತು, ಆದರೆ ಮಾಡದ ಹಿಂದೆ, ಎಡಕ್ಕೆ, ಬಲಕ್ಕೆ ಕಲ್ಲೇ. ಬಾಗಿಲಿನ ನೇರಕ್ಕೆ, ಮುಖ್ಯ ಘಟಕ ಕಣ್ಣಿಗೆ ಬೀಳುವ ಹಲಗೆಯ ಮೇಲೆ ಇಟ್ಟಿದ್ದೇವೆ.

ಬ್ರಿಡ್ಜ್ ಮಾಡಿದ ಮೇಲೆ ನೆಟ್ ನಿಂತರೆ ತಪ್ಪು ಯಾರದೆಂದು ನಾವೇ ಬೇರ್ಪಡಿಸಿ ಹೇಳಬೇಕಾಗುತ್ತದೆ. ಒಎನ್‌ಟಿಯಲ್ಲಿ ಎಲ್ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಅದು ಲೈನಿನವರ ಕೆಲಸ. ದೀಪ ಸರಿಯಿದ್ದರೆ ಲ್ಯಾಪ್‌ಟಾಪ್ ಅನ್ನು ನೇರವಾಗಿ ಒಎನ್‌ಟಿಗೆ ಕೂಡಿಸಿ ಅದರಿಂದಲೇ ಪಿಪಿಪಿಒಇ ಲಾಗಿನ್ ಮಾಡಿ ನೋಡುತ್ತೇನೆ. ಅಲ್ಲಿ ನೆಟ್ ಬಂದರೆ ಮೆಶ್ ಅನ್ನು ನೋಡಬೇಕು, ಬರದಿದ್ದರೆ ಆ ಪರದೆಯ ಫೋಟೋ ತೆಗೆದು ದೂರಿನೊಂದಿಗೆ ಕಳಿಸಬೇಕು.