ಹಳೇ ಡಿವಿಡಿ ಡ್ರೈವ್ ಬಿಸಾಡಬೇಡಿ, ಸಿಎನ್‌ಸಿಗೆ ಬೇಕಾಗುತ್ತೆ

ಮನೆಯಲ್ಲೇ ಚಿಕ್ಕ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಚಲಿಸಿ ಕೊರೆಯೋ, ಬರೆಯೋ ಯಂತ್ರ) ಮಾಡೋರು ಹೊಸ ಮೋಟರ್ ಕೊಳ್ಳುವ ಮೊದಲು ಗುಜರಿ ಅಂಗಡಿಗೆ ಒಂದು ಸುತ್ತು ಹೋಗಿ ಬನ್ನಿ. ಕೆಟ್ಟ ಡಿವಿಡಿ ಡ್ರೈವ್ ಎರಡು ಸಿಕ್ಕರೆ ಅಡ್ಡ ಚಲನೆಗೆ ಎಕ್ಸ್, ಉದ್ದ ಚಲನೆಗೆ ವೈ, ಎರಡೂ ಆಯ್ತು. ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೋಟರ್), ಸ್ಕ್ರೂ, ರೈಲು ಎಲ್ಲ ಅದರಲ್ಲೇ ಇರುತ್ತವೆ.

ಎಲ್ಲರೂ ಎಡವೋದು ವೈರಿಂಗ್‌ನಲ್ಲಿ. ಮೋಟರ್‌ಗೆ ನಾಲ್ಕು ತುದಿ, ಒಳಗೆ ಎರಡು ಕಾಯಿಲ್. ಮಲ್ಟಿಮೀಟರ್ ಓಮ್‌ಗೆ ಇಟ್ಟು ಎರಡೆರಡೇ ಮುಟ್ಟಿಸಿ. ರೀಡಿಂಗ್ ಬಂದ ಜೋಡಿ ಒಂದೇ ಕಾಯಿಲ್‌ನದು. ಪ್ರಿಂಟರ್‌ನ ದಪ್ಪ ಸ್ಟೆಪ್ಪರ್ ಆದರೆ ಮೀಟರೂ ಬೇಡ: ಎರಡು ವೈರ್ ತುದಿ ಸೇರಿಸಿ ಹಿಡಿದು ಶಾಫ್ಟ್ ತಿರುಗಿಸಿ, ಬಿಗಿಯಾದರೆ ಅದೇ ಜೋಡಿ.

ಯಂತ್ರ ನಡೆಸೋಕೆ ಆರ್ಡುಯಿನೊ ಊನೊ ಅನ್ನೋ ಚಿಕ್ಕ ಕಂಟ್ರೋಲರ್ ಬೋರ್ಡ್, ಅದರಲ್ಲಿ ಜಿಆರ್‌ಬಿಎಲ್ ಅನ್ನೋ ಸಿಎನ್‌ಸಿ ಸಾಫ್ಟ್‌ವೇರ್, ಮೋಟರ್‌ಗೆ ಕರೆಂಟ್ ಕೊಡೋ ಎರಡು ಎ4988 ಡ್ರೈವರ್ ಸಾಕು. ಮೋಟರ್ ಸುತ್ತಿಗೆ 20 ಸ್ಟೆಪ್, ಸ್ಕ್ರೂ 3 ಮಿಮೀ ಸರಿದರೆ, 16 ಮೈಕ್ರೋಸ್ಟೆಪ್‌ನಲ್ಲಿ (ಡ್ರೈವರ್ ಒಂದು ಸ್ಟೆಪ್ಪನ್ನು 16 ಭಾಗ ಮಾಡಿದಾಗ) ಜಿಆರ್‌ಬಿಎಲ್ ಸೆಟ್ಟಿಂಗ್‌ನಲ್ಲಿ ಮಿಮೀಗೆ 106.67 ಸ್ಟೆಪ್ ಹಾಕಿ. ಆಮೇಲೆ ಸ್ಕೇಲ್ ಇಟ್ಟು ಅಳೆದು ತಿದ್ದಿ.

ಡ್ರೈವರ್‌ನ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಕಮ್ಮಿ ಇಡಿ, ಈ ಮೋಟರ್ ಬೇಗ ಬಿಸಿಯಾಗುತ್ತೆ. ಪವರ್ ಇರುವಾಗ ಮೋಟರ್ ವೈರ್ ಕೀಳಲೇಬೇಡಿ, ನಾನು ಹಾಗೇ ಒಂದು ಡ್ರೈವರ್ ಸುಟ್ಟುಕೊಂಡೆ. ಮರ ಕೊರೆಯೋ ಆಸೆ ಬೇಡ. ಪೆನ್ ಕಟ್ಟಿದರೆ ಅಂಗೈಗಿಂತ ಚಿಕ್ಕ ಚಿತ್ರ ಚೆನ್ನಾಗಿ ಬರುತ್ತೆ.