ಗದಗಿನ ಹಳ್ಳಿಗಳಲ್ಲಿ ಕ್ಲಿನಿಕಲ್ ಟ್ರಯಲ್: ನನ್ನ ಅನುಭವ

"ನಮ್ಮ ಸೊಸಿ ಮ್ಯಾಲೆ ಪ್ರಯೋಗ ಮಾಡಾಕ ಬಂದೀರೇನ್ರೀ?"

ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅತ್ತೆ ನನ್ನನ್ನು ಕೇಳಿದ ಮೊದಲ ಮಾತೇ ಇದು. ನಾನು ನರ್ಸಿಂಗ್ ಓದಿದವಳು. ಆಗ ಒಂದು ಕ್ಲಿನಿಕಲ್ ಟ್ರಯಲ್‌ನಲ್ಲಿ ರಿಸರ್ಚ್ ನರ್ಸ್ ಆಗಿದ್ದೆ. ಬಸುರಿಯರಲ್ಲಿ ರಕ್ತ ಕಡಿಮೆ ಇದ್ದರೆ ಮಾಮೂಲಿ ಕಬ್ಬಿಣದ ಮಾತ್ರೆ ಮೇಲೋ, ಕೈಗೆ ಸೂಜಿ ಹಾಕಿ ಕೊಡುವ ಕಬ್ಬಿಣದ ಡ್ರಿಪ್ ಮೇಲೋ ಅಂತ ನೋಡುವ ಕೆಲಸ.

ಆ ಅತ್ತೆ ಕೇಳಿದ್ದು ನ್ಯಾಯವಾಗಿಯೇ ಇತ್ತು. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ, ಅಂದರೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ, ಒಂದು ಯೋಜನೆ ನಡೆಯಿತು. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಇಂಥದ್ದು ಆದ ಮೇಲೆ ಜನ ಅನುಮಾನ ಪಡಬಾರದು ಅಂದರೆ ಹೇಗೆ?

ಹಾಗಂತ ಟ್ರಯಲ್ಲೇ ಬೇಡ ಅನ್ನುವವಳು ನಾನಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಜೋಳದ ರೊಟ್ಟಿ ಉಣ್ಣುತ್ತಾರೆ. ಜೋಳದಲ್ಲಿರುವ ಅಂಶವೊಂದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೂ ಅಡ್ಡಿ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಇನ್ನೂ ಕಷ್ಟ. ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಹೆದರಿ ಬಿಟ್ಟುಬಿಡುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ದೇಶದ ಬಸುರಿಯರಲ್ಲಿ 52.2 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಬೇರೆ ಊಟ, ಬೇರೆ ಆಸ್ಪತ್ರೆ ಇರುವ ದೇಶದಲ್ಲಿ ಬಂದ ಉತ್ತರವನ್ನು ಇವರ ಮೇಲೆ ಹಾಗೇ ಹೊರಿಸುವುದು ಹೇಗೆ?

ಹಾಗೆ ಹೊರಿಸಿದ್ದರಿಂದ ಮಕ್ಕಳು ಸತ್ತದ್ದೂ ಉಂಟು. ಶಾಕ್ ಆದ, ಅಂದರೆ ರಕ್ತಸಂಚಾರ ಕುಸಿದ ಮಗುವಿಗೆ ಸಲೈನನ್ನು ಒಮ್ಮೆಗೇ ಜೋರಾಗಿ ಏರಿಸಬೇಕು ಅಂತ ಶ್ರೀಮಂತ ದೇಶಗಳಲ್ಲಿ ರೂಢಿಯಾಗಿತ್ತು. ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ಜ್ವರದಿಂದ ನಿತ್ರಾಣಗೊಂಡು ಬಂದ 3,141 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಹಾಗೆ ಏರಿಸಿಕೊಂಡ ಮಕ್ಕಳಲ್ಲಿ 48 ತಾಸಿನೊಳಗೆ ತೀರಿಕೊಂಡವರು ಶೇಕಡಾ 10.5. ಏರಿಸದವರಲ್ಲಿ 7.3. ಅಲ್ಲಿ ಹೋಗಿ ಕೇಳದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯನ್ನೇ ನೋಡಿ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಟ್ರಯಲ್ ನಡೆಯಿತು. ಹೆರಿಗೆ ಆದ ಕೂಡಲೇ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಹಳ್ಳಿಯಲ್ಲಿ ಹೆರಿಗೆ ನೋಡಿಕೊಳ್ಳುವ ಸಹಾಯಕಿ ನರ್ಸುಗಳಾದ ಎಎನ್‌ಎಂಗಳು. ವಿಪರೀತ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಆಗ ಬಳಕೆಯಲ್ಲಿದ್ದ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಚುಚ್ಚುವವರು ಬೇಕು. ಮಾತ್ರೆಗೆ ಎರಡೂ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಾಣಂತಿಯರ ರಕ್ತಸ್ರಾವ ತಡೆಯಲು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ಕೆಲಸಕ್ಕಾಗಿ ಇನ್ನೊಂದು ವಸ್ತುವೂ ತಯಾರಾಯಿತು. ನನಗೆ ತುಂಬಾ ಇಷ್ಟವಾದ ವಸ್ತು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆ ಗೆರೆ. ರಕ್ತ ಎಷ್ಟು ಹೋಯಿತು ಅಂತ ಗೆರೆ ನೋಡಿ ಹೇಳಬಹುದು. ಮೊದಲೆಲ್ಲ ಹಾಸಿಗೆ, ಬಟ್ಟೆ ನೋಡಿ ಅಂದಾಜು ಮಾಡುತ್ತಿದ್ದೆವು, ಅದು ಯಾವಾಗಲೂ ಕಡಿಮೆಯೇ ಬರುತ್ತಿತ್ತು. ಇಂಥದ್ದೇ ಹಾಳೆ ಬಳಸಿ, ತಕ್ಷಣ ಹಲವು ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟು, ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆಸಿದ ಟ್ರಯಲ್‌ನ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇಕಡಾ 60ರಷ್ಟು ಕಡಿಮೆಯಾಗಿತ್ತು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಮೊದಲ ತಿಂಗಳು ನಾನೊಂದು ದೊಡ್ಡ ತಪ್ಪು ಮಾಡಿದೆ. ನಮಗೆ ಕೊಟ್ಟಿದ್ದ ಒಪ್ಪಿಗೆ ಪತ್ರದ ಕನ್ನಡ ಕಚೇರಿ ಕನ್ನಡ. "ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು" ಅಂತ ಇತ್ತು. ನಾನು ಗಡಗಡ ಓದಿದೆ. ಎದುರಿಗೆ ಕೂತವಳು ಹೂಂ ಹೂಂ ಅಂದಳು, ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಸಾಕ್ಷಿಯೂ ಸಹಿ ಹಾಕಿದರು. ಕಾಗದದ ಪ್ರಕಾರ ಎಲ್ಲ ಸರಿ. ಹೊರಡುವಾಗ ಸುಮ್ನೆ ಕೇಳಿದೆ, ನಾನು ಏನು ಹೇಳಿದೆ ಹೇಳವ್ವಾ ಅಂತ. "ರಕ್ತ ಹೆಚ್ಚ ಮಾಡ್ತೀರಿ ಅಂದ್ರಲ್ರೀ. ಸರಕಾರದಾರು ಹೇಳಿದ್ ಮ್ಯಾಲೆ ಒಲ್ಲೆ ಅನ್ನಾಕ ಬರತೈತೇನ್ರೀ ಅಕ್ಕಾರ?"

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಕೆ ಒಪ್ಪಿದ್ದು ಟ್ರಯಲ್‌ಗಲ್ಲ, ನನ್ನ ಬಿಳಿ ಕೋಟಿಗೆ. ಮರುದಿನ ಮತ್ತೆ ಹೋಗಿ ಮೊದಲಿನಿಂದ ಹೇಳಿದೆ.

ಆಮೇಲೆ ನಾವು ನಾಲ್ಕು ಜನ ನರ್ಸುಗಳು ಕೂತು ಆ ಪತ್ರವನ್ನು ಮನೆ ಮಾತಿನಲ್ಲಿ ಬರೆದೆವು. ಹಾಗೆ ಬರೆದದ್ದನ್ನು ನಮ್ಮಷ್ಟಕ್ಕೆ ಬಳಸುವಂತಿಲ್ಲ. ಟ್ರಯಲ್ ನ್ಯಾಯವಾಗಿ ನಡೆಯುತ್ತದೋ ಅಂತ ನೋಡುವ ನೈತಿಕ ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಆಗಿ ಬರಬೇಕು. ತಡವಾಯಿತು, ಆದರೂ ಕಾದೆವು. ಅಲ್ಲಿಂದ ಮುಂದೆ ನಾನು ಓದಿ ಮುಗಿಸಿದ ದಿನವೇ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. ಪತ್ರ ಮನೆಯಲ್ಲಿ ಬಿಟ್ಟು ಬರುತ್ತಿದ್ದೆ. ಮರುದಿನ ಹೋಗಿ ಮೂರು ಮಾತು ಆಕೆಯ ಬಾಯಿಂದಲೇ ಹೇಳಿಸುತ್ತಿದ್ದೆ. ಯಾವ ಗುಂಪು ಅಂತ ನಾನೂ ಆರಿಸಲ್ಲ, ನೀನೂ ಆರಿಸಲ್ಲ, ಚೀಟಿ ಎತ್ತಿದ ಹಾಗೆ. ಡ್ರಿಪ್ ಹಾಕಿದಾಗ ಅಲರ್ಜಿ ಆಗಬಹುದು, ಅದಕ್ಕೇ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಹಾಕುತ್ತೇವೆ. ಒಲ್ಲೆ ಅಂದರೂ ನಿನ್ನ ತಪಾಸಣೆ, ನಿನ್ನ ಮಾತ್ರೆ ಏನೂ ನಿಲ್ಲಲ್ಲ. ಮೂರನೆಯದನ್ನು ಹೇಳಲು ಬರದಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲ.

ಒಲ್ಲೆ ಅಂದವರು ಜಾಸ್ತಿಯಾದರು. ಮೇಲಿನವರು ಸಂಖ್ಯೆ ಯಾಕೆ ಕಡಿಮೆ ಅಂತ ಕೇಳಿದರು. ನನಗೆ ಮಾತ್ರ ಅದು ಸಮಾಧಾನದ ಸಂಗತಿ. ಒಲ್ಲೆ ಅನ್ನುವುದು ಗೊತ್ತಿದ್ದವರು ಹೂಂ ಅಂದಾಗ ಅದಕ್ಕೊಂದು ತೂಕ ಇರುತ್ತದೆ, ಅಲ್ವಾ?

ಇನ್ನೊಂದು ಪೇಚು ತವರುಮನೆಯದು. ಚೊಚ್ಚಲ ಬಸುರಿ ಕುಬಸ (ಸೀಮಂತ) ಮಾಡಿಸಿಕೊಂಡು ತವರಿಗೆ ಹೋಗುತ್ತಾಳೆ. ನಮ್ಮ ರಿಜಿಸ್ಟರಿನಲ್ಲಿ ಇರುವುದು ಗಂಡನ ಮನೆ ವಿಳಾಸ. ಹೆರಿಗೆ ಮುಂಚಿನ ರಕ್ತ ತೆಗೆಯಲು ಹೋದರೆ ಬಾಗಿಲಲ್ಲಿ ಅತ್ತೆ ಮಾತ್ರ. ಟ್ರಯಲ್ ಹೇಗೆ ನಡೆಸಬೇಕು ಅಂತ ಬೇರೆ ದೇಶದವರು ಬರೆದ ಪ್ರೋಟೋಕಾಲಿನಲ್ಲಿ ಕುಬಸ ಎಲ್ಲಿಂದ ಬರಬೇಕು? ಹಾಗಾಗಿ ಸೇರಿಸಿಕೊಳ್ಳುವ ದಿನವೇ ತವರೂರು, ಅಣ್ಣನ ಫೋನ್ ನಂಬರು, ಆ ಊರಿನ ಆಶಾ ಕಾರ್ಯಕರ್ತೆಯ ನಂಬರು ಎಲ್ಲ ಬರೆದುಕೊಳ್ಳಲು ಶುರುಮಾಡಿದೆ. ಒಬ್ಬಳಿಗಾಗಿ ಐಸ್ ಪ್ಯಾಕ್ ಇಟ್ಟ ಡಬ್ಬಿ ಹಿಡಿದು ರಾಣೆಬೆನ್ನೂರು ತಾಲ್ಲೂಕಿನವರೆಗೆ ಬಸ್ಸಿನಲ್ಲಿ ಹೋಗಿದ್ದೇನೆ. ಹತ್ತಿ ಬಿಡಿಸುವ ದಿನಗಳಲ್ಲಿ ಮಧ್ಯಾಹ್ನ ಯಾರೂ ಮನೆಯಲ್ಲಿ ಸಿಗಲ್ಲ. ಬೆಳಗಿನ ಆರಕ್ಕೇ ಹೋಗಬೇಕು.

ಆ ಮೆಣಸಿನಕಾಯಿ ಕಟ್ಟೆಯ ಅತ್ತೆಗೂ ಚೀಟಿಯ ವಿಷಯ ಹೇಳಿದೆ. ತುಸು ಹೊತ್ತು ತೊಟ್ಟು ಬಿಡಿಸುತ್ತಲೇ ಇದ್ದು ಆಮೇಲೆ ಅಂದರು: "ನಮ್ಮ ಮನಿಯವರೂ ಹಿಂಗs ಮಾಡ್ತಾರ. ಅರ್ಧ ಹೊಲಕ್ಕ ಹಳೇ ಬೀಜ, ಅರ್ಧಕ್ಕ ಧಾರವಾಡದಿಂದ ತಂದ ಹೊಸಾ ಬೀಜ. ಭೂಮಿ ಒಂದ, ಮಳಿ ಒಂದ. ಸುಗ್ಗಿ ಒಳಗ ತಿಳಿತೈತಿ." ನಾನು ಎಷ್ಟು ತಿಣುಕಿದರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗಿರಲಿಲ್ಲ. ಮರುದಿನ ಸೊಸೆ ಮೂರೂ ಮಾತು ತಾನೇ ಹೇಳಿದಳು, ಸೇರಿಕೊಂಡಳು. ಅವಳಿಗೆ ಬಂದದ್ದು ಮಾತ್ರೆಯ ಗುಂಪು. ಅತ್ತೆಗೆ ಸ್ವಲ್ಪ ಬೇಸರವಾಯಿತು, ಆದರೂ ಮಾತಿಗೆ ತಪ್ಪಲಿಲ್ಲ. ಸೊಸೆ ದಿನಾ ಮಾತ್ರೆ ನುಂಗಿದಳೋ ಇಲ್ಲವೋ ಅಂತ ಖಾಲಿ ಪಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು, ನಾನು ಹೋದಾಗ ಎಣಿಸಲು.

ಕೊನೆಯ ಭೇಟಿಗೆ ಹೋದಾಗ ಮಗುವಿಗೆ ಆರು ವಾರ. ಎದ್ದು ಹೊರಟವಳನ್ನು ಅತ್ತೆ ನಿಲ್ಲಿಸಿದರು. "ಯಾವ ಬೀಜ ಚಲೋ ಬಂತು ಅಂತ ನಮಗೂ ಬಂದು ಹೇಳ್ತೀರಿಲ್ಲೋ?"

ಫಲಿತಾಂಶವನ್ನು ಊರಿಗೆ ಬಂದು ಹೇಳುವ ಮಾತು ನಮ್ಮ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಅದನ್ನೇ ಕೇಳಿದೆ. ಪ್ರತಿ ಹಳ್ಳಿಯ ಅಂಗನವಾಡಿಯಲ್ಲಿ ಕೂತು ಹೇಳಬೇಕು ಅಂತ ಈಗ ತೀರ್ಮಾನವಾಗಿದೆ. ಹೋಗಬೇಕಾದ ಊರುಗಳ ಪಟ್ಟಿ ಮಾಡುವಾಗ ಆ ಹಳ್ಳಿಯ ಹೆಸರನ್ನು ಮೊದಲು ಬರೆದೆ.