ಸತು ಕಪ್ಪಾಗಿ ಕಂಡ ದಿನ

ಪಿಎಚ್‌ಡಿಯ ಎರಡನೇ ವರ್ಷ ನನ್ನ ಕೈಬೆರಳೆಲ್ಲ ಸದಾ ಕಪ್ಪು. ಸಿಲ್ವರ್ ನೈಟ್ರೇಟ್ ತಾಗಿದರೆ ಹಾಗೇ, ಎಷ್ಟು ಉಜ್ಜಿದರೂ ಹೋಗೋದಿಲ್ಲ.

ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಮೆದುಳಿನ ಭಾಗ) ಸತು, ಅಂದರೆ ಜಿಂಕ್, ಎಲ್ಲಿ ಕೂತಿದೆ ಅಂತ ಕಣ್ಣಿಗೆ ಕಾಣಿಸುವುದು ನನ್ನ ಕೆಲಸ. ಅದಕ್ಕೆ ಟಿಮ್ ಸ್ಟೇನ್ ಅಂತ ಬಣ್ಣ ಹಿಡಿಸುವ 1958ರ ಹಳೇ ವಿಧಾನ ಇದೆ. ಅರಿವಳಿಕೆ ಕೊಟ್ಟ ಇಲಿಯ ಹೃದಯದ ಮೂಲಕ ಸೋಡಿಯಂ ಸಲ್ಫೈಡ್ ಹಾಯಿಸುತ್ತೇವೆ. ಕೊಳೆತ ಮೊಟ್ಟೆಯ ವಾಸನೆ. ವಿಷದ ಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮುಟ್ಟಲೇಬಾರದು. ಸಲ್ಫೈಡ್ ಜಿಂಕನ್ನು ಇದ್ದಲ್ಲೇ ಹಿಡಿದು ಕೂರಿಸುತ್ತದೆ. ಆಮೇಲೆ ಮೆದುಳನ್ನು ತೆಳುವಾಗಿ ಕತ್ತರಿಸಿ (ಈ ಚೂರುಗಳೇ ಸೆಕ್ಷನ್), ಸಿಲ್ವರ್ ನೈಟ್ರೇಟ್ ಇರುವ ಡೆವಲಪರ್ ದ್ರಾವಣದಲ್ಲಿಟ್ಟರೆ ಆ ಕಣಗಳ ಸುತ್ತ ಬೆಳ್ಳಿ ಕಟ್ಟಿಕೊಂಡು ಕಪ್ಪಾಗುತ್ತದೆ, ಹಿಂದೆ ಸ್ಟುಡಿಯೋಗಳಲ್ಲಿ ಫೋಟೊ ತೊಳೆಯುತ್ತಿದ್ದರಲ್ಲ, ಹಾಗೆ.

ಮೊದಲ ಸಲ ಸ್ಲೈಡ್‌ಗಳನ್ನು ಡೆವಲಪರ್‌ನಲ್ಲಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಇಡೀ ಸೆಕ್ಷನ್ ಸೀದ ದೋಸೆ. ಎರಡನೇ ಸಲ ಏನೂ ಬರಲೇ ಇಲ್ಲ. ಸಲ್ಫೈಡ್ ಡಬ್ಬಿ ಹಳೇದು, ಒಳಗೆ ಹರಳೆಲ್ಲ ನೀರು ಕುಡಿದು ಮುದ್ದೆಯಾಗಿತ್ತು. ಅದನ್ನು ಮೊದಲೇ ನೋಡಬಾರದಿತ್ತಾ!

ಮೂರನೇ ಸಲ ಹೊಸ ಡಬ್ಬಿ ತರಿಸಿದೆ. ಡೆವಲಪರ್‌ಗೆ ಹಾಕುವ ಗಮ್ ಅರೇಬಿಕ್ ಅನ್ನೋ ಅಂಟು ಬೇಗ ಕರಗೋದಿಲ್ಲ, ಎರಡು ದಿನ ಮೊದಲೇ ನೆನೆಹಾಕಿ ತೆಳು ಬಟ್ಟೆಯಲ್ಲಿ ಸೋಸಿಕೊಂಡೆ. ಡೆವಲಪರ್ ದಪ್ಪಗಿದ್ದರೆ ಬೆಳ್ಳಿ ನಿಧಾನಕ್ಕೆ ಕಟ್ಟುತ್ತದೆ, ಅಂಟಿನ ಕೆಲಸ ಅದೇ. ಗಾಜಿನ ಸಾಮಾನನ್ನೆಲ್ಲ ಆಸಿಡ್‌ನಲ್ಲಿ ತೊಳೆದೆ. ಡಾರ್ಕ್ ರೂಮ್‌ನಲ್ಲಿ ಕೂತು, ಕೊನೆಯ ಅರ್ಧ ಗಂಟೆ ಐದೈದು ನಿಮಿಷಕ್ಕೆ ಒಂದು ಸ್ಲೈಡ್ ತೆಗೆದು ನೋಡುತ್ತಿದ್ದೆ. ಡೆವಲಪರ್‌ನಲ್ಲಿಟ್ಟು ಹೆಚ್ಚುಕಡಿಮೆ ಒಂದು ಗಂಟೆ ಆದಾಗ ಮೈಕ್ರೋಸ್ಕೋಪ್ ಕೆಳಗೆ ಕಾಡಿಗೆ ತೀಡಿದಂಥ ಕಪ್ಪು ಪಟ್ಟಿ.

ಅದೇ ಮಾಸಿ ಫೈಬರ್, ಹಿಪ್ಪೊಕ್ಯಾಂಪಸ್‌ನ ಒಳಗಿನ ಒಂದು ನರತಂತುಗಳ ಕಟ್ಟು. ಈ ನರಗಳ ತುದಿಯ ಪುಟ್ಟ ಚೀಲಗಳಲ್ಲಿ ಗ್ಲುಟಮೇಟ್ ಅನ್ನೋ ಸಂಕೇತ ಒಯ್ಯುವ ರಾಸಾಯನಿಕದ ಜೊತೆಗೆ ಜಿಂಕ್ ಕೂಡ ತುಂಬಿರುತ್ತದೆ. ತುಂಬುವುದು ಜಡ್‌ಎನ್‌ಟಿ3 ಅನ್ನೋ ಪ್ರೋಟೀನ್. ಸಂಕೇತ ಬಂದಾಗ ಎರಡೂ ಹೊರಬೀಳುತ್ತವೆ. ಗ್ಲುಟಮೇಟ್ ಎದುರಿನ ಕೋಶವನ್ನು ಕೆರಳಿಸಿದರೆ, ಜಿಂಕ್ ಆ ಕೋಶದಲ್ಲಿ ಗ್ಲುಟಮೇಟ್ ಹಿಡಿಯುವ ಎನ್‌ಎಮ್‌ಡಿಎ ರಿಸೆಪ್ಟರ್ ಅನ್ನೋ ಪ್ರೋಟೀನ್ ಮೇಲೆ ಕೂತು ಅದರ ಕರೆಂಟ್ ತಗ್ಗಿಸುತ್ತದೆ. ಆಕ್ಸಿಲರೇಟರ್ ಒತ್ತುವವನೇ ಬ್ರೇಕ್ ಮೇಲೂ ಕಾಲಿಟ್ಟ ಹಾಗೆ, ಅಲ್ವಾ? ಮೆದುಳಿನಲ್ಲಿರುವ ಜಿಂಕ್‌ನ ಬಹುಪಾಲು ಪ್ರೋಟೀನ್‌ಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅದು ಈ ಸ್ಟೇನ್‌ಗೆ ಸಿಗೋದಿಲ್ಲ.

ಇದನ್ನೆಲ್ಲ ಹೇಳಿದರೆ ನೆಂಟರು ಕೇಳೋದು ಒಂದೇ: ಜಿಂಕ್ ಮಾತ್ರೆ ನುಂಗಿದರೆ ಜ್ಞಾಪಕಶಕ್ತಿ ಜಾಸ್ತಿಯಾಗುತ್ತಾ? ನನ್ನ ಸ್ಲೈಡ್‌ಗಳಿಂದ ಅದು ಗೊತ್ತಾಗೋದಿಲ್ಲ ಅಂತ ಹೇಳಿ ಸುಮ್ನಾಗುತ್ತೇನೆ.

ಮುಂದೆ ಜಡ್‌ಎನ್‌ಟಿ3 ಜೀನ್ ಇಲ್ಲದ ಇಲಿಯ ಸೆಕ್ಷನ್‌ಗಳನ್ನೂ ಮಾಡಿದೆ. ಅದೇ ಡೆವಲಪರ್, ಅದೇ ಹೊತ್ತು. ಪಕ್ಕದ ಮಾಮೂಲಿ ಇಲಿಯ ಸ್ಲೈಡ್‌ನಲ್ಲಿ ಕಾಡಿಗೆಯಂಥ ಪಟ್ಟಿ, ಇದರಲ್ಲಿ ಆ ಜಾಗ ಪೂರ್ತಿ ಖಾಲಿ.